ತೆರೆಯ ಕೆಳಗೆ ಕಾಣುವ ಕಾಲು

ಕೊಳಾಲದ ಸೀಮೆಯಲ್ಲಿ ಆಟ ಆಡಿಸುವವರಿಗೆ ಭಾಗವತರು ಸಿಗುವುದು ಕಷ್ಟವಿರಲಿಲ್ಲ, ಮದ್ದಳೆ ಬಾರಿಸುವವನೂ ಸಿಗುತ್ತಿದ್ದ. ಪಾಲಣ್ಣ ಬಿಡುವಾಗಿದ್ದಾನೋ ಇಲ್ಲವೋ ಎಂಬುದೊಂದನ್ನು ಮಾತ್ರ ಮೊದಲೇ ವಿಚಾರಿಸಿಕೊಂಡು ಆಮೇಲೆ ದಿನ ಗೊತ್ತು ಮಾಡುತ್ತಿದ್ದರು. ಅವನು ವೇಷ ಕಟ್ಟುವವನಲ್ಲ, ಹಾಡುವವನೂ ಅಲ್ಲ. ತೆರೆ ಹಿಡಿಯುವವನು.

ಬಯಲಾಟದಲ್ಲಿ ವೇಷ ಅನ್ನುವುದು ಸುಮ್ಮನೆ ನಡೆದುಕೊಂಡು ಬರುವುದಿಲ್ಲ. ಇಬ್ಬರು ಸೀರೆಯಷ್ಟು ಉದ್ದದ ಬಟ್ಟೆಯೊಂದನ್ನು ಅಡ್ಡ ಹಿಡಿಯುತ್ತಾರೆ. ಅದರ ಹಿಂದೆ ವೇಷಧಾರಿ ಕುಣಿಯುತ್ತಾನೆ. ಕೂತ ಜನಕ್ಕೆ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆ ಕಟ್ಟಿದ ಪಾದ, ಇಷ್ಟೇ ಕಾಣುವುದು. ಯಾರು ಬಂದರೋ ಎಂದು ಜನ ಕತ್ತು ಉದ್ದ ಮಾಡುವ ಹೊತ್ತಿಗೆ ಸರಿಯಾಗಿ ತೆರೆ ಇಳಿಯಬೇಕು. ಬೇಗ ಇಳಿದರೆ ಹಸಿಗಾಯಿ ಕಿತ್ತ ಹಾಗೆ, ತಡವಾದರೆ ಜನ ಕೆಮ್ಮಲು ಶುರುಮಾಡುತ್ತಾರೆ. ಆ ಗಳಿಗೆ ಯಾವುದು ಎಂಬುದು ಭಾಗವತರಿಗೂ ತಿಳಿಯದು, ವೇಷಧಾರಿಗೂ ತಿಳಿಯದು. ತೆರೆಯ ತುದಿ ಹಿಡಿದು ಆಚೆಯನ್ನೂ ಈಚೆಯನ್ನೂ ಒಟ್ಟಿಗೆ ನೋಡುವವನಿಗೆ ತಿಳಿಯುತ್ತದೆ. ಬಲಗಡೆಯ ತುದಿ ಪಾಲಣ್ಣನ ಮನೆತನದ ಹಕ್ಕು, ಅವನ ಅಪ್ಪನಿಂದ ಬಂದದ್ದು. ಎಡಗಡೆ ಅವನ ಭಾವಮೈದುನ ಕಾಟಪ್ಪ ಹಿಡಿಯುತ್ತಿದ್ದ. ಆದರೆ ಕಾಟಪ್ಪ ಪಾಲಣ್ಣನ ಮುಖ ನೋಡಿ ಕೈ ಇಳಿಸುತ್ತಿದ್ದ, ಪಾಲಣ್ಣ ವೇಷದ ಕಾಲು ನೋಡಿ.

ಹಾಗೆ ಕಾಲು ನೋಡಿ ನೋಡಿ ಅವನಿಗೆ ಒಂದು ವಿದ್ಯೆ ಹತ್ತಿತ್ತು. ಹೊಸದಾಗಿ ವೇಷ ಕಟ್ಟಬೇಕೆನ್ನುವವರು ಭಾಗವತರ ಮನೆಗೆ ಹೋಗುವ ಮುಂಚೆ ಪಾಲಣ್ಣನ ಹಟ್ಟಿಗೆ ಬರುತ್ತಿದ್ದರು. ಬಂದವರಿಗೆ ಅವನು ಹಾಡು ಅನ್ನುತ್ತಿರಲಿಲ್ಲ, ಮಾತು ಹೇಳು ಅನ್ನುತ್ತಿರಲಿಲ್ಲ. ಕಣದಲ್ಲಿ ನಿಲ್ಲಿಸಿ ಹೆಂಡತಿ ರಂಗಕ್ಕನ ಹಳೇ ಸೀರೆಯನ್ನು ಅಡ್ಡ ಹಿಡಿಯುತ್ತಿದ್ದ, ಅಷ್ಟೆ.

"ಬೆರಳು ನೆಲ ಕೆರೀತಾ ಇದ್ರೆ ಭಯ. ಹಿಮ್ಮಡಿ ಊರ್ದೆ ಇದ್ರೆ ಆತುರ. ಒಂದು ಕಾಲು ಮುಂದಕ್ಕೆ ಒಂದು ಕಾಲು ಹಿಂದಕ್ಕೆ ಇದ್ರೆ, ಅವನು ಜನದಾಗೆ ತನ್ನ ಹೆಂಡ್ರು ಎಲ್ಲಿ ಕುಂತವ್ಳೆ ಅಂತ ಹುಡುಕ್ತಾ ಅವ್ನೆ ಅಂತ ಲೆಕ್ಕ," ಎನ್ನುತ್ತಿದ್ದ.

"ಮುಖ ನೋಡಾಕಿಲ್ವಾ?" ಎಂದರೆ, "ಮುಖಕ್ಕೆ ಬಣ್ಣ ಬಳೀತಾರೆ. ಕಾಲಿಗೆ ಯಾರು ಬಳೀತಾರೆ?" ಎನ್ನುತ್ತಿದ್ದ.

ಈ ಮಾತನ್ನು ಅವನು ಬರೀ ಬೇರೆಯವರ ಕಾಲು ನೋಡಿ ಕಲಿತದ್ದಲ್ಲ. ಹದಿನೆಂಟರ ಪ್ರಾಯದಲ್ಲಿ ಅವನಿಗೂ ರಾಜವೇಷದ ಹುಚ್ಚು ಹಿಡಿದಿತ್ತು. ಆರು ತಿಂಗಳು ಕಲಿತು, ಕಿರೀಟ ಭುಜಕೀರ್ತಿ ಕಟ್ಟಿಕೊಂಡು ತೆರೆಯ ಹಿಂದೆ ನಿಂತ. ಬಲಗಡೆಯ ತುದಿಯಲ್ಲಿ ಅವನ ಅಪ್ಪನೇ ಇದ್ದ. ಮದ್ದಳೆ ಏರಿತು, ಪಾಲಣ್ಣನ ಮೊಣಕಾಲಿನಿಂದ ಕೆಳಗೆ ಎಲ್ಲವೂ ಬೇರೆ ಯಾರದೋ ಆಗಿಹೋಯಿತು. ಗೆಜ್ಜೆ ತಾಳಕ್ಕೆ ಸಿಕ್ಕದೆ ತಾನೇ ಗಲಗಲ ಅನ್ನತೊಡಗಿತು. ಅಪ್ಪ ಬಗ್ಗಿ ನೋಡಿ, ಇವನಿಗೊಬ್ಬನಿಗೆ ಕೇಳುವಂತೆ, "ಇಳಿಸ್ಲಾ, ಬ್ಯಾಡ್ವಾ?" ಎಂದ. ಇವನು "ಬ್ಯಾಡ ಕಣಪ್ಪ" ಎಂದ. ಅಪ್ಪ ತೆರೆಯನ್ನು ಇನ್ನೂ ಒಂದು ಗೇಣು ಮೇಲಕ್ಕೆ ಎತ್ತಿದ. ಅದರ ಮರೆಯಲ್ಲೇ ಕಿರೀಟ ಇನ್ನೊಬ್ಬನ ತಲೆಗೆ ಹೋಯಿತು. ಜನಕ್ಕೆ ಏನೂ ತಿಳಿಯಲಿಲ್ಲ. ಅಪ್ಪ ಆ ಸಂಗತಿಯನ್ನು ಮತ್ತೆ ಯಾವತ್ತೂ ಎತ್ತಲಿಲ್ಲ. ಮುಂದಿನ ಸುಗ್ಗಿಗೆ ತೆರೆಯ ಬಲಗಡೆಯ ತುದಿಯನ್ನು ಮಗನ ಕೈಗೆ ಕೊಟ್ಟ. ಪಾಲಣ್ಣನಿಗೆ ಅಲ್ಲಿ ನೆಮ್ಮದಿ ಸಿಕ್ಕಿತು. ಮೂವತ್ತು ವರ್ಷ ಆ ತುದಿ ಬಿಡಲಿಲ್ಲ. ಆದರೆ ಅವತ್ತಿನಿಂದ ಜನದ ಮುಂದೆ ಬಾಯಿಯನ್ನೂ ಬಿಡಲಿಲ್ಲ.

ಮಹಾರಾಜರ ಬೆಳ್ಳಿಹಬ್ಬ ಆದ ಮಾರನೆಯ ವರ್ಷ, ಮುಂಗಾರು ಬಿತ್ತನೆ ಮುಗಿದ ಮೇಲೆ, ವೈ.ಎನ್.ಹೊಸಕೋಟೆಯ ಕಡೆಯ ಸಂಜೀವಯ್ಯ ಎಂಬ ಇಪ್ಪತ್ತೆರಡರ ಯುವಕ ಅವನ ಹಟ್ಟಿಗೆ ಬಂದ. ಸಂಜೀವಯ್ಯನ ಅಕ್ಕ ಪುಟ್ಟಕ್ಕನನ್ನು ಪಾಲಣ್ಣನ ಊರಿಗೆ ಕೊಟ್ಟಿದ್ದರು. ಅವನ ಸ್ವಂತ ಊರಿನಲ್ಲಿ ಕಡಲೆಕಾಯಿ ಹೊಲ, ತಾಯಿ ಕೊಲ್ಲಾಪುರಮ್ಮ, ಒಬ್ಬನೇ ಮಗ. ಅವನಿಗೆ ಬಯಲಾಟದಲ್ಲಿ ವೇಷ ಕಟ್ಟಿದರೆ ಸಾಲದು, ಬಣ್ಣದ ಪರದೆ ಕಟ್ಟಿ ಊರೂರು ತಿರುಗುವ ನಾಟಕ ಕಂಪನಿ ಸೇರಬೇಕು. ಅದನ್ನೇ ಕಸುಬು ಮಾಡಿಕೊಳ್ಳಬೇಕು.

ಪಾಲಣ್ಣ ಸೀರೆ ಅಡ್ಡ ಹಿಡಿದು ನೋಡಿದ. ಅಗಲ ಪಾದ, ಹೊಲದ ಬಿರುಕು ಬಿದ್ದ ಹಿಮ್ಮಡಿ. ಬೆರಳು ಕೆರೆಯುತ್ತಿರಲಿಲ್ಲ. ಆದರೆ ಪಾದ ಒಂದು ಕಡೆ ನಿಲ್ಲುತ್ತಲೂ ಇರಲಿಲ್ಲ. ಬಿಸಿಲಿಗೆ ಹಾಕಿದ ಬೆಲ್ಲದ ಮೇಲೆ ಇರುವೆ ಓಡಾಡುವ ಹಾಗೆ ಓಡಾಡುತ್ತಿತ್ತು.

"ಏಂ ಮಾಮಾ, ತೆರೆ ಇಳಿಸಲ್ವಾ?" ಎಂದ ಸಂಜೀವಯ್ಯ ಹಿಂದಿನಿಂದ.

"ನೀನಿನ್ನೂ ಬಂದಿಲ್ಲ ಕಣ್ಲಾ. ನಿನ್ನ ಕಾಲು ಪಾವಗಡದ ಹತ್ರ ಎಲ್ಲೋ ಐತೆ. ಬರ್ಲಿ, ಇಳಿಸ್ತೀನಿ."

ಅವತ್ತು ಕಣದ ಹುಣಸೆಮರದ ನೆರಳು ಮೆದೆಯಿಂದ ಬಾವಿಕಟ್ಟೆಗೆ ಹೋಗುವವರೆಗೂ ಪಾಲಣ್ಣ ತೆರೆ ಇಳಿಸಲಿಲ್ಲ. ಇಳಿಸಿದಾಗ ಹಿಂದೆ ನಿಂತವನು ಇನ್ನೂ ನಿಂತೇ ಇದ್ದ. ಕಣ್ಣಿನಲ್ಲಿ ಸಿಟ್ಟಿತ್ತು, ಪಾದ ಮಾತ್ರ ನೆಟ್ಟ ಗೂಟದ ಹಾಗಿತ್ತು.

ಇದಾದ ನಾಲ್ಕನೇ ದಿನಕ್ಕೆ ಕೊಲ್ಲಾಪುರಮ್ಮ ಗಾಡಿ ಕಟ್ಟಿಸಿಕೊಂಡು ಮಗಳ ಮನೆಗೆ ಬಂದು, ಅಲ್ಲಿ ಚೆಂಬು ನೀರು ಕೂಡ ಮುಟ್ಟದೆ ಪಾಲಣ್ಣನ ಜಗಲಿಗೆ ಬಂದು ಕೂತಳು.

"ಅಣ್ಣಾ, ನೀನು ಬ್ಯಾಡ ಅಂದ್ರೆ ಬುಟ್ಬುಡ್ತಾನಂತೆ. ಅವನೇ ಅಂದ. ಒಂದು ಮಾತು ಬ್ಯಾಡ ಅಂದ್ಬುಡು. ನಾ ಕೊಡುಕು, ನನ್ನ ಮಗ, ನನ್ನ ಜತೆ ಗಾಡಿ ಹತ್ಲಿ," ಎಂದಳು. ಬೈಯುವಾಗಲೂ ಬೇಡುವಾಗಲೂ ಅವಳ ಮಾತಿನಲ್ಲಿ ತೆಲುಗು ಮುಂದೆ ಬರುತ್ತಿತ್ತು.

"ಕಾಲು ನೋಡಿದೆ ಕಣಮ್ಮ. ಬ್ಯಾಡ ಅನ್ನಾಕೆ ನಾಲಗೆ ಬರ್ತಿಲ್ಲ."

"ಕಾಲು ಚಂದಾಗೈತೆ ಅಂತ ಕಂಪನಿಯೋರು ಅನ್ನ ಹಾಕ್ತಾರಾ? ಊರ ಮುಂದೆ ನಗೆಪಾಟಲಾಗಿ ವಾಪಸ್ ಬಂದ್ರೆ ಯಾರು ಹೆಣ್ಣು ಕೊಡ್ತಾರೆ?"

ಒಳಗಿಂದ ರಂಗಕ್ಕ, "ಹೌದು ಮತ್ತೆ, ಕೇಳವ್ವ ಚೆನ್ನಾಗಿ ಕೇಳು. ಕಂಡೋರ ಮಕ್ಕಳನ್ನ ನನ್ನ ಸೀರೆ ಹಿಂದೆ ನಿಲ್ಲಿಸ್ತಾನೆ, ಉಡಾಕೆ ನನಗೆ ಸೀರೆ ಇಲ್ಲ," ಎಂದಳು.

ಪಾಲಣ್ಣ, "ನೋಡಮ್ಮ, ಮಧುಗಿರಿಗೆ ಕಂಪನಿ ಬರ್ತೈತಂತೆ. ಕಡಲೆಕಾಯಿ ಕೀಳೋವರ್ಗೂ ನನಗೆ ಬುಡು. ಅವರು ತಗೊಂಡ್ರೆ ಸರಿ. ತಗೊಳ್ಳಲಿಲ್ಲ ಅಂದ್ರೆ ನಾನೇ ಅವನ ಗೆಜ್ಜೆ ಬಿಚ್ಚಿ, ನಾನೇ ನಿನ್ನ ಹೊಲಕ್ಕೆ ತಂದು ಬುಡ್ತೀನಿ. ಆಮೇಲೆ ಇನ್ಯಾರಿಗೂ ಬುದ್ಧಿ ಹೇಳಾಕಿಲ್ಲ," ಎಂದ.

"ಮಾಟ ಇಚ್ಚಾವು, ಅಣ್ಣಾ. ಮಾತು ಕೊಟ್ಟಂಗೆ," ಎಂದು ಕೊಲ್ಲಾಪುರಮ್ಮ ಎದ್ದಳು. ಆಮೇಲೆಯೇ ನೀರು ಕುಡಿದದ್ದು.

ನಾಲ್ಕು ತಿಂಗಳು ಸಂಜೀವಯ್ಯನಿಗೆ ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಭಾಗವತ ನಂದೀಶ್ವರಯ್ಯನವರ ಜಗಲಿಯಲ್ಲಿ ಹಾಡು ಮಾತು, ಸಂಜೆ ಪಾಲಣ್ಣನ ಕಣ. ಕಣದಲ್ಲಿ ಕಲಿಸಿದ್ದು ಯಾವ ಓಲೆಯಲ್ಲೂ ಇರಲಿಲ್ಲ.

"ಗೆಜ್ಜೆ ನೀನೇ ಕಟ್ಕೋ. ಬೇರೆಯೋರು ಕಟ್ಟಿದ್ದು ಬಿಚ್ಚಿದ್ರೆ ಅವರನ್ನ ಬಯ್ತೀಯ, ನೀನು ಕಟ್ಟಿದ್ದು ಬಿಚ್ಚಿದ್ರೆ ಕಲೀತೀಯ. ಆಟದ ದಿನ ಮುದ್ದೆ ಅರ್ಧ ಉಣ್ಣು. ಇನ್ನೊಬ್ಬನ ಮಾತೂ ನಿನಗೆ ಬಾಯಿಗೆ ಬರ್ಬೇಕು, ಅವನು ತಪ್ಪಿದಾಗ ನೀನು ಎತ್ಕೋಬೇಕು. ದೊಡ್ಡ ವೇಷ ಕೊಡಿ ಅಂತ ಬಾಯಿ ಬುಟ್ಟು ಕೇಳಬ್ಯಾಡ. ಸಣ್ಣ ವೇಷದಾಗೆ ಜನ ನಿನ್ನ ಕಡೆ ನೋಡಿದ್ರೆ ದೊಡ್ಡದು ತಾನಾಗೇ ನಿನ್ನ ಮನೆ ಹುಡುಕ್ಕೊಂಡು ಬತ್ತೈತೆ."

ಇವೆಲ್ಲಕ್ಕಿಂತ ಮೇಲೆ ಒಂದು ಮಾತನ್ನು ಅವನು ದಿನಾ ಹೇಳುತ್ತಿದ್ದ. ಬಯಲಾಟದಲ್ಲಿ ತೆರೆ ಇಳಿದ ಕೂಡಲೇ ವೇಷ ತಾನಾಗಿ ಮಾತಾಡುವ ಹಾಗಿಲ್ಲ. ಸಾರಥಿ ಅಂತ ಒಬ್ಬನಿರುತ್ತಾನೆ, ನಗಿಸುವವನೂ ಅವನೇ, ವಿಚಾರಿಸುವವನೂ ಅವನೇ. ಬಂದವರು ಯಾರು, ಯಾವ ಪಟ್ಟಣದವರು ಎಂದು ಅವನು ಕೇಳಬೇಕು. ಕೇಳಿದ ಮೇಲೆಯೇ ರಾಜ ತನ್ನ ಹೆಸರು ಹೇಳಿಕೊಳ್ಳುವುದು. ಕೇಳದೆ ಹೇಳಿಕೊಂಡರೆ ಅದು ರಾಜವೇಷವಲ್ಲ, ಸಂತೆಯಲ್ಲಿ ಕೂಗುವ ವ್ಯಾಪಾರ.

"ಕೇಳೋವರ್ಗೂ ಬಾಯಿ ಬುಡಬ್ಯಾಡ. ಸಾರಥಿ ಎಷ್ಟು ಆಟ ಆಡಿಸಿದ್ರೂ, ಜನ ಎಷ್ಟು ನಕ್ಕರೂ, ನೀನು ನಿಂತಿರು. ನಿಂತೋನು ರಾಜ," ಎನ್ನುತ್ತಿದ್ದ ಪಾಲಣ್ಣ.

ಸಂಜೀವಯ್ಯ ಆ ಮಾತನ್ನು ಎಲುಬಿಗೆ ಇಳಿಸಿಕೊಂಡ.

ಕಾರ್ತಿಕದ ಮೊದಲಲ್ಲಿ ಮಧುಗಿರಿಯಲ್ಲಿ ಕಂಪನಿಯ ತಗಡಿನ ಚಪ್ಪರ ಎದ್ದಿತು. ಹೊಸಬರನ್ನು ಸೋಮವಾರ ಬೆಳಿಗ್ಗೆ ಯಜಮಾನರು ನೋಡುತ್ತಾರೆಂದು ತಿಳಿದು ಪಾಲಣ್ಣ ಸಂಜೀವಯ್ಯನ ಜೊತೆ ಹೊರಟ. ಕೊರಟಗೆರೆಯವರೆಗೆ ಗಾಡಿ, ಅಲ್ಲಿಂದ ಮೋಟಾರು. ಮೋಟಾರಿನಲ್ಲಿ ಸಂಜೀವಯ್ಯ ಬಾಯಲ್ಲೇ ಮಾತು ಹೇಳಿಕೊಳ್ಳುತ್ತಾ ಕೂತಿದ್ದ. ಮಧುಗಿರಿ ಬೆಟ್ಟದ ಬಂಡೆ ಕಣ್ಣಿಗೆ ಬಿದ್ದಾಗ, "ಮಾಮಾ, ತಗೊಳ್ಳಲಿಲ್ಲ ಅಂದ್ರೆ ಇವತ್ತೇ ಬಿಚ್ಚುತೀಯಾ?" ಎಂದ.

"ಮಾತು ಕೊಟ್ಟಿದೀನಿ."

"ಸರೇ," ಎಂದು ಅವನು ಮಡಿಲಲ್ಲಿದ್ದ ಗೆಜ್ಜೆಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಪಾಲಣ್ಣ ಕಂಪನಿ ನಾಟಕವನ್ನು ಅಲ್ಲಿಯವರೆಗೆ ಕಂಡವನಲ್ಲ. ಒಳಗೆ ಕಾಲಿಟ್ಟವನು ಮೊದಲು ನೋಡಿದ್ದೇ ಪರದೆಯನ್ನು. ರಾಜಬೀದಿ ಬರೆದ ಭಾರಿ ಪರದೆ, ನೆಲ ಮುಟ್ಟುತ್ತಿತ್ತು. ಕೆಳಗೆ ಕಾಲು ಕಾಣುವ ಹಾಗೇ ಇಲ್ಲ. ಯಾರೋ ಮರೆಯಲ್ಲಿ ಹಗ್ಗ ಎಳೆದರೆ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತಿತ್ತು. ಕಾಲು ಕಾಣದೆ ಇವರು ಹೇಗೆ ಎತ್ತುತ್ತಾರೋ ಎಂದು ಅವನಿಗೆ ಸೋಜಿಗವಾಯಿತು.

ಯಜಮಾನ ಪರ್ವತಯ್ಯನವರು ಮುಂದೆ ಕುರ್ಚಿಯಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದರು. ವಿಭೂತಿ ಧರಿಸಿದ ದಪ್ಪ ಆಳು. ಕಂಪನಿಯ ನಟರು ಹತ್ತು ಹದಿನೈದು ಜನ ಬೆಂಚಿನ ಮೇಲೆ ಒರಗಿ ತಮಾಷೆ ನೋಡಲು ತಯಾರಾಗಿದ್ದರು. ಹೊಸಬರ ಜೊತೆ ಬಂದವರು ಹಿಂದೆ ನೆಲದ ಮೇಲೆ, ತುಟಿ ಬಿಚ್ಚದೆ ಕೂತಿರಬೇಕೆಂದು ಅಪ್ಪಣೆಯಾಗಿತ್ತು. ಶಿರಾದಿಂದ ಬಂದವನೊಬ್ಬ ಹಾಡಿದ, ನಿಲ್ಲಿಸು ಅನ್ನುವವರೆಗೂ ಹಾಡಿದ. ಇನ್ನೊಬ್ಬ ಮಾತನ್ನೆಲ್ಲ ಹಾರ್ಮೋನಿಯಂ ಪೆಟ್ಟಿಗೆಗೇ ಹೇಳಿ ಮುಗಿಸಿದ. ಆಮೇಲೆ ಸಂಜೀವಯ್ಯನನ್ನು ಕರೆದರು.

"ಏನು ಬರುತ್ತೆ?"

"ರಾಜವೇಷ, ಸ್ವಾಮಿ."

"ಸರಿ, ಒಳಗೆ ಹೋಗು. ಪರದೆ ಎದ್ದ ಕೂಡಲೇ ಬಾ, ನೋಡೋಣ."

ಪರದೆ ಎದ್ದಿತು. ಸಂಜೀವಯ್ಯ ಮೂರು ಹೆಜ್ಜೆ ಇಟ್ಟು ಬಂದ, ಎದೆ ಎತ್ತಿ ನಿಂತ. ನಿಂತೇ ಇದ್ದ.

ಪಾಲಣ್ಣನ ಕಣ್ಣು ಮೊದಲು ಪಾದಕ್ಕೆ ಹೋಯಿತು. ಎರಡೂ ಹಲಗೆಗೆ ಅಂಟಿದ ಹಾಗಿದ್ದವು, ಒಂದು ಬೆರಳೂ ಮಿಸುಕಲಿಲ್ಲ. ಅವನಿಗೆ ಹೆಮ್ಮೆಯಾಯಿತು. ಹಾರ್ಮೋನಿಯಂ ಒಂದು ಸ್ವರ ಹಿಡಿದು ಕಾದು, ಸುಮ್ಮನಾಯಿತು. ಪರ್ವತಯ್ಯನವರು ಅಡಕೆ ಬಾಯಿಗೆ ಹಾಕಿಕೊಂಡರು. ಸಂಜೀವಯ್ಯ ಕದಲಲಿಲ್ಲ. ಬೆಂಚಿನ ಮೇಲಿದ್ದವನೊಬ್ಬ, "ಇದೇನಣ್ಣ, ವೀರಗಲ್ಲು ಕಿತ್ತು ತಂದವ್ರೆ," ಎಂದ. ಉಳಿದವರು ನಕ್ಕರು. ನಿಂತವನ ರೆಪ್ಪೆಯೂ ಅಲುಗಲಿಲ್ಲ.

ಆಗ ಪಾಲಣ್ಣನಿಗೆ ಹೊಳೆಯಿತು. ಅವನು ಸಾರಥಿ ಕೇಳಲೆಂದು ಕಾಯುತ್ತಿದ್ದಾನೆ. ಇಲ್ಲಿ ಸಾರಥಿ ಎಲ್ಲಿಂದ ಬರಬೇಕು? ಇಲ್ಲಿ ಬಂದವನು ತಾನೇ ಮಾತಾಡಬೇಕು. ಅಷ್ಟು ಬುದ್ಧಿ ಹೇಳಿದ ತಾನು ಇದೊಂದನ್ನು ಹೇಳಿಕೊಟ್ಟಿಲ್ಲ, ಯಾಕೆಂದರೆ ತನಗೇ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಎಲುಬಿಗೆ ಇಳಿಸಿದ್ದು ಈಗ ಅವನ ಬಾಯಿಗೆ ಬೀಗವಾಗಿತ್ತು. ತಾಯಿಗೆ ಕೊಟ್ಟ ಮಾತು, ಮಡಿಲಲ್ಲಿ ಬಿಗಿ ಹಿಡಿದು ತಂದ ಗೆಜ್ಜೆ, ಎಲ್ಲವೂ ತನ್ನ ಒಂದು ಅರೆತಿಳಿವಳಿಕೆಯಿಂದ ಮಣ್ಣಾಗುವುದರಲ್ಲಿತ್ತು.

ಪರ್ವತಯ್ಯನವರು ಕೈಚೌಕದಲ್ಲಿ ಬಾಯಿ ಒರೆಸಿಕೊಂಡು, "ಮುಂದಿನವನನ್ನ" ಎನ್ನಲು ಕೈ ಎತ್ತಿದರು.

ಪಾಲಣ್ಣ ಎದ್ದು ನಿಂತುಬಿಟ್ಟಿದ್ದ. ಎದ್ದೆ ಎಂಬುದು ಅವನಿಗೆ ಆಮೇಲೆ ತಿಳಿದದ್ದು. ಮೂವತ್ತು ವರ್ಷ ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಒಳಗೆ ಕೂತಿದ್ದ ದನಿ ತಾನಾಗಿ ಹೊರಬಿತ್ತು.

"ಭಲಾ ಮಹಾಸ್ವಾಮಿ, ಈ ಸಭೆಗೆ ದಯಮಾಡಿಸಿದಂಥ ತಾವು ಯಾರು, ತಮ್ಮ ಪಟ್ಟಣ ಯಾವುದು, ಬಂದ ಕಾರ್ಯವೇನು, ಇದ್ದಂತೆ ಹೇಳುವಂಥವರಾಗಬೇಕು."

ಬೆಂಚಿನವರು ತಿರುಗಿ ನೋಡುವಷ್ಟರಲ್ಲಿ ಮೇಲೆ ನಿಂತಿದ್ದ ಕಲ್ಲಿಗೆ ಜೀವ ಬಂತು. ಸಂಜೀವಯ್ಯ ಒಂದು ಹೆಜ್ಜೆ ಮುಂದಿಟ್ಟು ತನ್ನ ವಂಶ, ಪಟ್ಟಣ, ಪರಾಕ್ರಮ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಆ ದನಿಗೆ ತಗಡು ಜುಂ ಅಂದಿತು. ಹೇಳಿ ಮುಗಿಸಿ ಮತ್ತೆ ಮೊದಲಿನ ಹಾಗೆಯೇ ನಿಂತುಕೊಂಡ.

ಪರ್ವತಯ್ಯನವರು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದರು. "ಯಾರಯ್ಯಾ ನೀನು?"

"ತೆರೆ ಹಿಡಿಯೋನು, ಸ್ವಾಮಿ. ತಪ್ಪು ನಂದು. ಕೇಳೋವರ್ಗೂ ಬಾಯಿ ಬುಡಬ್ಯಾಡ ಅಂತ ನಾನೇ ಹೇಳ್ಬುಟ್ಟಿದ್ದೆ. ಇಲ್ಲಿ ಯಾರೂ ಕೇಳಾಕಿಲ್ಲ ಅಂತ ನನಗೆ ಗೊತ್ತಿರಲಿಲ್ಲ."

ಅವರು ಮತ್ತೆ ಮುಂದಕ್ಕೆ ತಿರುಗಿ, "ಯಾರೂ ಕೇಳದೆ ಇದ್ದಿದ್ರೆ ಏನು ಮಾಡ್ತಿದ್ದೆಯಪ್ಪ?" ಎಂದರು.

"ನಿಂತಿರ್ತಿದ್ದೆ, ಸ್ವಾಮಿ."

"ಎಷ್ಟು ಹೊತ್ತು?"

"ಕೇಳೋವರ್ಗೂ."

ಪರ್ವತಯ್ಯನವರ ಹೊಟ್ಟೆ ಕುಲುಕಿತು, ನಗು ಆಮೇಲೆ ಬಂತು. ಬೆಂಚಿನ ಕಡೆ ಬೆರಳು ತೋರಿಸಿ, "ಇವರನ್ನ ನೋಡು. ರಾಜ ಮಾತಾಡ್ತಾ ಇದ್ರೆ ಹಿಂದೆ ನಿಂತ ದ್ವಾರಪಾಲಕ ಕತ್ತು ಕೆರ್ಕೋತಾನೆ. ಇನ್ನೊಬ್ಬ ಆಕಳಿಸ್ತಾನೆ. ಜನ ರಾಜನ್ನ ಬಿಟ್ಟು ಅವನನ್ನ ನೋಡ್ತಾರೆ. ನಾನು ಹೇಳಿ ಹೇಳಿ ಸಾಕಾಗಿದೆ. ನೀನು ಇರು. ಒಂದು ವರ್ಷ ದ್ವಾರಪಾಲಕ. ಒಂದು ಮಾತೂ ಇರಲ್ಲ. ಆಗುತ್ತಾ?" ಎಂದರು.

ಸಂಜೀವಯ್ಯ ಹಿಂದೆ ನಿಂತಿದ್ದ ಪಾಲಣ್ಣನ ಮುಖ ನೋಡಿದ. ಪಾಲಣ್ಣ ತೆರೆ ಇಳಿಸುವಾಗ ಕಾಟಪ್ಪನಿಗೆ ತಲೆ ಆಡಿಸುವಂತೆ ಒಂದು ಸಲ ತಲೆ ಆಡಿಸಿದ.

"ಆಗ್ತದೆ, ಸ್ವಾಮಿ," ಎಂದ ಸಂಜೀವಯ್ಯ.

ಹೊರಡುವಾಗ ಪರ್ವತಯ್ಯನವರು ಪಾಲಣ್ಣನನ್ನೂ ಕರೆದು, ಪರದೆಯ ಹಗ್ಗಕ್ಕೆ ಒಬ್ಬ ನಂಬಿಕಸ್ಥ ಆಳು ಬೇಕು, ಇರುತ್ತೀಯಾ ಎಂದು ಕೇಳಿದರು. ಅವನು ಹಗ್ಗವನ್ನು ಮುಟ್ಟಿ ನೋಡಿ, "ಇದರಾಗೆ ಕಾಲು ಕಾಣಾಕಿಲ್ಲ ಸ್ವಾಮಿ. ನಾನು ಕುರುಡನಾಗೋಗ್ತೀನಿ," ಎಂದು ಕೈಮುಗಿದು ಬಂದ.

ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ರಂಗಕ್ಕ ಮುದ್ದೆ ಇಕ್ಕುತ್ತಾ, "ಅಷ್ಟು ಜನದ ಮುಂದೆ ಎದ್ದು ಮಾತಾಡಿದ್ಯಂತೆ. ಕಾಲು ನಡುಗಲಿಲ್ವಾ?" ಎಂದಳು.

"ನೋಡ್ಕೊಳ್ಳಾಕೆ ಆಗಲಿಲ್ಲ ಕಣೆ. ಅವನ ಕಾಲನ್ನೇ ನೋಡ್ತಿದ್ದೆ."

"ಹಂಗಾರೆ ಇನ್ಮೇಲೆ ವೇಷ ಕಟ್ತೀಯಾ?"

"ಇನ್ನೊಂದು ಚೂರು ಸಾರು ಬುಡು," ಎಂದ ಪಾಲಣ್ಣ.

ಮನಸ್ಸಿನ ಒಂದು ಮೂಲೆಯಲ್ಲಿ ಮಾತ್ರ ಮುಳ್ಳೊಂದು ಉಳಿದಿತ್ತು. ಕಂಪನಿಯವರು ತಗೊಂಡರು, ನಿಜ. ಆದರೆ ಮೂಕನಾಗಿ ನಿಲ್ಲಲು ತಗೊಂಡರು. ಇದನ್ನು ಆ ತಾಯಿ ತಗೊಂಡಂತೆ ಅಂದುಕೊಳ್ಳುತ್ತಾಳೋ, ನಗೆಪಾಟಲು ಅಂದುಕೊಳ್ಳುತ್ತಾಳೋ?

ಕಡಲೆಕಾಯಿ ಕಿತ್ತು ಮುಗಿದ ವಾರದಲ್ಲಿ ಕೊಲ್ಲಾಪುರಮ್ಮನ ಗಾಡಿ ನೇರವಾಗಿ ಪಾಲಣ್ಣನ ಬಾಗಿಲಿಗೇ ಬಂದು ನಿಂತಿತು. ಅವಳು ಇಳಿದಳು, ಗಾಡಿಯವನು ಒಂದು ಚೀಲ ಇಳಿಸಿದ. ಜಗಲಿಯ ಮೇಲೆ ಕೂತು, ರಂಗಕ್ಕ ಕೊಟ್ಟ ಮಜ್ಜಿಗೆಯನ್ನು ಒಂದೇ ಗುಕ್ಕಿಗೆ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುವವರೆಗೂ ಪಾಲಣ್ಣ ಅವಳ ಕಾಲನ್ನೇ ನೋಡುತ್ತಿದ್ದ.

"ಬರ್ತಾ ಮಧುಗಿರಿಯಾಗೆ ಇಳಿದಿದ್ದೆ ಅಣ್ಣಾ," ಎಂದಳು ಅವಳು. "ನಾಟಕ ನೋಡಿದೆ."

"ಹೆಂಗಿತ್ತಮ್ಮ?"

"ಏಮೋ ಯಪ್ಪಾ, ಕಥೆ ನನಗೆ ತಿಳೀಲಿಲ್ಲ. ಎಲ್ಲಾರೂ ಒಳಕ್ಕೆ ಓಡೋರು, ಹೊರಕ್ಕೆ ಬರೋರು, ಅಳೋರು, ಕೂಗೋರು. ನನ್ನ ಮಗ ಒಬ್ಬನೇ ನಿಂತಿದ್ದ. ಕೈಯಾಗೆ ಕೋಲು, ತಲೆಗೆ ಪೇಟ. ಚಿಕ್ಕಂದಿನಾಗೆ ಒಂದು ಗಳಿಗೆ ಒಂದು ಕಡೆ ನಿಂತೋನಲ್ಲ ಅವನು, ಹೊಡೆದ್ರೂ ನಿಂತೋನಲ್ಲ. ನಾನು ಅವನನ್ನೇ ನೋಡ್ತಾ ಕುಂತ್ಬುಟ್ಟೆ. ಪಕ್ಕದಾಗೆ ಕುಂತಿದ್ದ ಆಯಮ್ಮನೂ ಅವನನ್ನೇ ನೋಡ್ತಿದ್ಲು. ಯಾರ ಮಗನೋ, ದೊರೆ ಹಂಗೆ ನಿಂತವ್ನೆ ಅಂದ್ಲು. ನಾನು ಹೇಳಲಿಲ್ಲ. ಆಮೇಲೆ ಹೇಳ್ದೆ," ಎಂದಳು.

ಪಾಲಣ್ಣ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಹಸಿ ಕಡಲೆಕಾಯಿ ತೆಗೆದು ಸುಲಿಯತೊಡಗಿದ. ಮುಳ್ಳು ಯಾವಾಗ ಹೋಯಿತೋ ತಿಳಿಯಲಿಲ್ಲ.

ಸಂಜೀವಯ್ಯನಿಗೆ ಮಾತು ಸಿಕ್ಕಿದ್ದು ಎರಡನೇ ವರ್ಷ, ಸೇನಾಧಿಪತಿಯ ಐದೇ ಐದು ಮಾತು. ಆಮೇಲೆ ಒಂದೊಂದಾಗಿ ಹೆಚ್ಚಿದವು. ಕಂಪನಿ ತುಮಕೂರಿನಲ್ಲಿರಲಿ, ಹಿಂದೂಪುರದಲ್ಲಿರಲಿ, ಕಡಲೆಕಾಯಿ ಕೀಳುವ ಕಾಲಕ್ಕೆ ಅವನು ರಜ ಹಾಕಿ ಊರಿಗೆ ಬರುತ್ತಿದ್ದ. ಹೋಗುವಾಗ ಕೊಳಾಲದ ಹಾದಿಯಲ್ಲೇ ಹೋಗುತ್ತಿದ್ದ.

ಪಾಲಣ್ಣ ತೆರೆ ಬಿಡಲಿಲ್ಲ, ಕಲಿಯಬಂದವರನ್ನು ರಂಗಕ್ಕನ ಸೀರೆಯ ಹಿಂದೆ ನಿಲ್ಲಿಸುವುದನ್ನೂ ಬಿಡಲಿಲ್ಲ. ಮೊದಲು ಹೇಳುತ್ತಿದ್ದ ಬುದ್ಧಿಯನ್ನೆಲ್ಲ ಹಾಗೆಯೇ ಹೇಳುತ್ತಿದ್ದ. ಕಂಪನಿಗೆ ಹೋಗುತ್ತೇನೆಂದು ಬಂದವನಿಗೆ ಮಾತ್ರ, ಹೆಗಲ ಮೇಲೆ ಕೈಯಿಟ್ಟು, ಕೊನೆಗೊಂದು ಮಾತು ಸೇರಿಸುತ್ತಿದ್ದ.

"ನೋಡಪ್ಪ, ಅಲ್ಲಿ ನಿನ್ನನ್ನ ಯಾರೂ ಕೇಳಾಕಿಲ್ಲ. ನೀನೇ ಹೇಳ್ಕೋಬೇಕು. ಆದ್ರೆ ಹೇಳೋಕೆ ಮುಂಚೆ ಸ್ವಲ್ಪ ಹೊತ್ತು ನಿಂತ್ಕೋ."